ಹಾಡುವ ಕಲ್ಲಿನ ಕೆಳಗೆ

ಶುಕ್ರವಾರ ನಮ್ಮ ಕಾಲೇಜಿನಲ್ಲಿ ಗಂಟೆ ಬಾರಿಸುವುದಿಲ್ಲ. ಅಂದು ಕ್ಲಾಸಿಲ್ಲ, ಹಾಜರಿಯಿಲ್ಲ, ಸಿಲಬಸ್ಸಿನ ಮಾತಿಲ್ಲ. ವರ್ಷದ ಮೊದಲ ವಾರ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಮುಂದಿನ ಶುಕ್ರವಾರಗಳೆಲ್ಲ ಆ ಪ್ರಶ್ನೆಯ ಪಾಲು. ಉತ್ತರ ಯಾವ ಪುಸ್ತಕದಲ್ಲೂ ರೆಡಿಯಾಗಿ ಸಿಗಬಾರದು, ಅದೊಂದೇ ಕಂಡೀಷನ್. ಶಹಾಬಾದಿನಿಂದ ವಾಡಿಗೆ ಬರುವ ದಾರಿಯಲ್ಲಿ, ಹಿಂದೆ ಯಾರೋ ಕಲ್ಲಿನ ವ್ಯಾಪಾರಿಯ ಬಂಗಲೆಯಾಗಿದ್ದ ಕಟ್ಟಡಕ್ಕೆ ಲಿಬರಲ್ ಆರ್ಟ್ಸ್ ಕಾಲೇಜು ಎಂದು ಬೋರ್ಡು ಹಾಕಿದ್ದಾರೆ. ನಾನು ಅಲ್ಲಿ ಮೆಂಟರ್. ಅಂದರೆ ಸಂಬಳವಿಲ್ಲದ ಅಜ್ಜಿ. ವಾರಕ್ಕೊಮ್ಮೆ ವಾಡಿಯಿಂದ ಆಟೋದಲ್ಲಿ ಬಂದು ಮಕ್ಕಳ ಪಕ್ಕ ಕೂತು, ಏನನ್ನೂ ಕಲಿಸದೆ ಇರುವುದೇ ನನ್ನ ಕೆಲಸ.

ಆ ಕೆಲಸ ನನಗೆ ತುಂಬ ಇಷ್ಟವಾಗಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು. ಹನ್ನೊಂದು ವರ್ಷ ಅಲ್ಲಿ ಉತ್ತರಗಳನ್ನು ಕಲಿತೆ. ಒಂದು ಸಲ ಕೂಡ ಯಾರೂ ನನ್ನನ್ನು "ನಿನ್ನ ಪ್ರಶ್ನೆ ಏನಮ್ಮಾ?" ಎಂದು ಕೇಳಲಿಲ್ಲ. ಈ ವಯಸ್ಸಿನಲ್ಲಿ, ಬೇರೆಯವರ ಮಕ್ಕಳ ಚೀಟಿಗಳನ್ನು ಓದುವಾಗ, ಎದೆಯೊಳಗೆ ಏನೋ ಸಣ್ಣಗೆ ನೋಯುತ್ತಿತ್ತು. ಇವರಿಗಾದರೂ ಯಾರೂ ಉತ್ತರ ತುರುಕದಿರಲಿ ಎಂದುಕೊಳ್ಳುತ್ತಿದ್ದೆ. ಮುಂದೆ ನಡೆದುದಕ್ಕೆಲ್ಲ ಆ ಆಸೆಯೇ ಮೂಲ. ಹಾಗಾಗಿ ಅದನ್ನು ಮೊದಲೇ ಹೇಳಿಬಿಟ್ಟೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ರೀಡಿಂಗ್ ರೂಮಿನ ಮಾಳಿಗೆಯಿಂದ ಅಂಗೈ ಅಗಲದ ಸುಣ್ಣದ ಗಚ್ಚು ಕಳಚಿ ಮೇಜಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆ ಕೋಣೆಯ ಮಾಳಿಗೆ ಪೂರ್ತಿ ಫರ್ಸಿಯದು. ನಮ್ಮ ಕಡೆ ನೆಲಕ್ಕೂ ಚಾವಣಿಗೂ ಹಾಸುವ ನುಣುಪಾದ ಕಲ್ಲಿನ ಹಾಳೆಗೆ ಫರ್ಸಿ ಎನ್ನುತ್ತಾರೆ. ತೊಲೆಯಿಂದ ತೊಲೆಗೆ ಫರ್ಸಿ ಕೂರಿಸಿ, ಸಂದುಗಳಿಗೆ ಗಚ್ಚು ತುಂಬಿ, ಮೇಲೆ ಮೊಳದಷ್ಟು ದಪ್ಪ ಮಣ್ಣು ಹೇರುವುದು ಹಳೆಯ ಕ್ರಮ. ಪ್ರಿನ್ಸಿಪಾಲರು ಬಂದು ಮೇಲೆ ನೋಡಿದರು, ಬೀಗ ತರಿಸಿದರು.

ಸೇಡಂ, ಚಿತ್ತಾಪುರದಿಂದ ಬರುವ ಹುಡುಗಿಯರಿಗೆ ಸಂಜೆಯ ಗಾಡಿ ಬರುವವರೆಗೆ ಕೂರಲು ಅದೊಂದೇ ಜಾಗ. ಅದಕ್ಕೆ ಬೀಗ ಬಿದ್ದರೆ ಸ್ಟೇಷನ್ನಿನ ಬೆಂಚೇ ಗತಿ. ಮಗಳು ದಿನಾ ಸ್ಟೇಷನ್ನಿನಲ್ಲಿ ಕೂರುತ್ತಾಳೆ ಎಂಬ ಸುದ್ದಿ ಮನೆಗೆ ಮುಟ್ಟಿದರೆ ಓದು ಅಲ್ಲಿಗೇ ಮುಗಿಯಿತು. ಆಗ ಭಂಕೂರಿನ ಒಬ್ಬ ಹುಡುಗಿ ಮುಂದೆ ಬಂದಳು. ಅವಳ ಅಪ್ಪ ಕಲ್ಲಿನ ಖಣಿಯಲ್ಲಿ ಫರ್ಸಿ ಎಬ್ಬಿಸುವವನು.

"ಸರ್, ಬೀಗ ಹಾಕಬ್ಯಾಡ್ರಿ. ಯಾವ ಕಲ್ಲು ಗಟ್ಟಿ ಅದ, ಯಾವುದು ಇಲ್ಲ ಅಂತ ನಾ ಹುಡುಕಿ ಕೊಡ್ತೀನ್ರಿ."

"ನೀ ಏನ್ ಇಂಜಿನಿಯರ್ ಏನವಾ?"

"ಇಂಜಿನಿಯರ್ ಬರೂತನಾ ಇಲ್ಲಿ ಯಾರೂ ಓದೂದೇ ಬ್ಯಾಡೇನ್ರಿ? ಇದೇ ನನ್ನ ಶುಕ್ರವಾರದ ಪ್ರಶ್ನಿ ಅಂತ ಬರ್ಕೋರಿ."

ಪ್ರಿನ್ಸಿಪಾಲರು ಬೀಗವನ್ನು ಜೇಬಿಗೆ ಹಾಕಿಕೊಂಡರು. ಅವಳ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ: ತಲೆಯ ಮೇಲಿನ ಕಲ್ಲನ್ನು ನಂಬಬಹುದೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅವಳಿಗೆ ಒಂದು ದಾರಿ ಗೊತ್ತಿತ್ತು. ಖಣಿಯ ಅಂಗಳದಲ್ಲಿ ಅವಳಪ್ಪ ಪ್ರತಿ ಫರ್ಸಿಯನ್ನೂ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕೇಳುತ್ತಾನಂತೆ. ಟಣ್ಣೆಂದು ಹಾಡಿದರೆ ಒಳ್ಳೆಯ ಕಲ್ಲು, ಲಾರಿಗೆ. ದಬ್ಬೆಂದರೆ ಒಳಗೆಲ್ಲೋ ಬಿರುಕಿದೆ, ಬದಿಗೆ. ಉದ್ದ ಬಿದಿರಿನ ತುದಿಗೆ ಸುತ್ತಿಗೆ ಕಟ್ಟಿದರೆ ಮಾಳಿಗೆಯನ್ನೂ ಹಾಗೇ ಕೇಳಬಹುದಲ್ಲ ಎಂಬುದು ಅವಳ ಯೋಚನೆ. ನಾನು ಖುಷಿಯಿಂದ ಕುರ್ಚಿಯಿಂದ ಎದ್ದೇಬಿಟ್ಟೆ. ಯಾಕೆಂದರೆ ಆ ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಕೀ ಒತ್ತುತ್ತಿದ್ದರು. ನಾವು ಸ್ವರ ಹೇಳಬೇಕು, ತಪ್ಪಿದರೆ ಬೆರಳ ಗೆಣ್ಣಿಗೆ ರೂಲರ್. ನನ್ನ ಕೈ ಈಗ ನಡುಗುತ್ತದೆ, ಕಣ್ಣು ಮಂಜು. ಕಿವಿ ಮಾತ್ರ ಆ ಸಿಸ್ಟರ್ ಬಿಟ್ಟುಹೋದ ಹಾಗೇ ಇದೆ.

"ಅಪ್ಪಗ ಒಂದ್ಸಲ ಕೇಳಿ ನೋಡ್ತೀನ್ರಿ ಮೇಡಂ," ಎಂದಳು ಹುಡುಗಿ.

"ನೋ ನೋ," ಎಂದೆ. "ಅಪ್ಪನ್ನ ಕೇಳಿದ್ರ ಅದು ಅಪ್ಪನ ಉತ್ತರ ಆಗ್ತದ. ಇದು ನಿನ್ನ ಸ್ಟಡಿ. ನೀನೇ ಕಂಡುಹಿಡಿ, ಡಿಯರ್. ಆಮ್ಯಾಲ ಅಪ್ಪಗ ಸರ್‌ಪ್ರೈಸ್ ಕೊಡು."

ಅವಳು ತಲೆಯಾಡಿಸಿದಳು. ನಾನು ಹೇಳಿದ್ದನ್ನೆಲ್ಲ ಕೇಳುವ ಹುಡುಗಿ ಅವಳು.

ಮಾಳಿಗೆಯಲ್ಲಿ ನಲವತ್ತೆರಡು ಫರ್ಸಿಗಳಿದ್ದವು. ಅವಳು ಬಿದಿರೆತ್ತಿ ತಟ್ಟುವಳು, ನಾನು ಕಣ್ಣು ಮುಚ್ಚಿ ಕೇಳುವೆ. ಹಾಡಿದ ಕಲ್ಲಿಗೆ ನಕ್ಷೆಯಲ್ಲಿ ಹಸಿರು, ಮೂಕ ಕಲ್ಲಿಗೆ ಕೆಂಪು. ಮೂರು ಶುಕ್ರವಾರದಲ್ಲಿ ನಕ್ಷೆ ಮುಗಿಯಿತು. ಕೆಂಪೇ ಹೆಚ್ಚು. ಹಸಿರು ಬಂದದ್ದು ಏಳಕ್ಕೆ ಮಾತ್ರ, ಎಲ್ಲವೂ ಪೂರ್ವದ ಕಿಟಕಿಯ ಹತ್ತಿರ, ಒಂದರ ಪಕ್ಕ ಒಂದು. ಪ್ರಿನ್ಸಿಪಾಲರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಆಯ್ತು. ಕೆಂಪಿನ ಕೆಳಗ ಯಾರೂ ಕೂಡಬಾರ್ದು," ಎಂದರು. ಅಂದೇ ಮೇಜುಗಳನ್ನೆಲ್ಲ ಎಳೆದು ಹಸಿರಿನ ಕೆಳಗೆ ಜೋಡಿಸಿದೆವು. ಇಪ್ಪತ್ತು ಹುಡುಗಿಯರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಅಲ್ಲಿ ಓದತೊಡಗಿದರು. ಎಲ್ಲಕ್ಕಿಂತ ಚೆನ್ನಾಗಿ ಹಾಡುವ ಕಲ್ಲಿನ ಕೆಳಗೆ ಭಂಕೂರಿನ ಹುಡುಗಿಯ ಕುರ್ಚಿ. ಅದು ಅವಳ ಹಕ್ಕು ಎಂದು ಎಲ್ಲರೂ ಒಪ್ಪಿದ್ದರು.

ಆಮೇಲಿನ ಶುಕ್ರವಾರಗಳಲ್ಲಿ ಆ ಏಳು ಕಲ್ಲುಗಳನ್ನು ಮತ್ತೆ ಮತ್ತೆ ತಟ್ಟಿ ಕೇಳಿದೆವು. ಮೊದಮೊದಲು ನಾದ ಹುಟ್ಟಿದಲ್ಲೇ ಸಾಯುತ್ತಿತ್ತು. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಎರಡೆಣಿಸುವವರೆಗೆ ನಿಂತಿತು. ದೀಪಾವಳಿಯ ಹೊತ್ತಿಗೆ ನಾಲ್ಕು. ಮಳೆಯ ತೇವ ಆರಿ ಕಲ್ಲು ಗಟ್ಟಿಯಾಗುತ್ತಿದೆ ಎಂದು ಅವಳು ಬರೆದಳು, ನಾನು ಪಕ್ಕದಲ್ಲಿ 'ವೆರಿ ಗುಡ್ ಅಬ್ಸರ್ವೇಷನ್' ಎಂದು ಬರೆದೆ. ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ಕೆಂಪು ಮಣ್ಣಿನ ಪುಡಿ ಸಣ್ಣ ಗೆರೆಯಾಗಿ ಬಿದ್ದಿರುತ್ತಿತ್ತು, ರೂಲರ್ ಹಿಡಿದು ಎಳೆದ ಹಾಗೆ ನೆಟ್ಟಗೆ. ಒರೆಸಿ ಕೂರುತ್ತಿದ್ದೆವು. ತೊಲೆಯ ಸಂದಿಯಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳು ಯಾವಾಗ ಹೋದವೋ ಯಾರೂ ಗಮನಿಸಲಿಲ್ಲ. ನವೆಂಬರಿನಲ್ಲಿ ಒಂದು ಗೂಡ್ಸ್ ಗಾಡಿ ಹಾದುಹೋದಾಗ, ಯಾರೂ ಮುಟ್ಟದೆಯೇ ಮೇಲಿನ ಕಲ್ಲು ಒಮ್ಮೆ ಸಣ್ಣಗೆ ನುಡಿಯಿತು. ಹುಡುಗಿಯರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಇದಕ್ಕಿಂತ ದೊಡ್ಡ ತಪ್ಪನ್ನು ದೀಪಾವಳಿ ರಜೆಗೆ ಮೊದಲೇ ಮಾಡಿಯಾಗಿತ್ತು. ಊರಿಗೆ ಹೊರಟ ಮಕ್ಕಳು, "ನಮ್ಮ ಮನಿ ಮಾಳಗೀನೂ ಫರ್ಸೀದೇ ಅದರಿ ಮೇಡಂ, ನಾವೂ ಬಡ್ದು ನೋಡ್ತೀವಿ," ಎಂದರು. ನಾನು ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರೆದೆ. ಕಾನ್ವೆಂಟಿನವಳಲ್ಲವೇ, ಇಂಗ್ಲಿಷಿನಲ್ಲಿ ಚೆಂದವಾಗಿಯೇ ಬರೆದೆ: ನಾಕ್. ಲಿಸನ್. ಸ್ಲೀಪ್ ಅಂಡರ್ ದ ಒನ್ ದಟ್ ಸಿಂಗ್ಸ್. ಭಂಕೂರಿನ ಹುಡುಗಿ ಅದನ್ನೇ ಕನ್ನಡದಲ್ಲಿ ಬರೆದಳು: ತಟ್ಟಿ ನೋಡಿ, ಕೇಳಿ, ಹಾಡುವ ಕಲ್ಲಿನ ಕೆಳಗೇ ಮಲಗಿ. ಕೆಳಗೆ ಕಾಲೇಜಿನ ಹೆಸರನ್ನೂ ತನ್ನ ನಂಬರನ್ನೂ ಹಾಕಿದಳು. ಮಕ್ಕಳು ಅದನ್ನು ಮನೆಯವರಿಗೆ ಕಳಿಸಿದರು. ಮನೆಯವರು ಬೀಗರಿಗೆ, ಬೀಗರು ಓಣಿಯವರಿಗೆ.

ವಾಡಿಯಲ್ಲಿ ನಾನೂ ನನ್ನ ತಂಗಿಯೂ ಇರುವ ಮನೆಯ ಮಾಳಿಗೆಯೂ ಫರ್ಸಿಯದೇ. ಹುಡುಗಿಯನ್ನು ಕರೆಸಿ ತಟ್ಟಿಸಿದೆ. ಹಾಡುವ ಕಲ್ಲು ಸಿಕ್ಕಿದ್ದು ಅಡುಗೆಮನೆಯ ಕಡೆಗೆ. ತಂಗಿಯ ಮಂಚವನ್ನು ಅಲ್ಲಿಗೇ ಎಳೆಸಿದೆ.

"ಫ್ಯಾನ್ ಆ ಕಡಿ, ನಾ ಈ ಕಡಿ," ಎಂದು ತಂಗಿ ದಿನಾ ಗೊಣಗುತ್ತಿದ್ದಳು. "ನಿನ್ನ ಕಲ್ಲು ಗಾಳಿ ಹಾಕ್ತದೇನಕ್ಕಾ? ಈ ವಯಸ್ಸಿಗೆ ಕಾಲೇಜಿಗೆ ಹೋಗಿ ನೀ ಕಲ್ತದ್ದು ಇದೇ ಏನು?"

"ಬಿ ಗ್ರೇಟ್‌ಫುಲ್," ಎನ್ನುತ್ತಿದ್ದೆ.

ಡಿಸೆಂಬರಿನಲ್ಲಿ ಮಕ್ಕಳು ತಮ್ಮ ತಮ್ಮ ಪ್ರಶ್ನೆಗಳನ್ನು ಮನೆಯವರ ಮುಂದಿಡುವ ದಿನ. ಭಂಕೂರಿನ ಹುಡುಗಿಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟಿದ್ದ. ನಾನು ಅವನನ್ನು ರೀಡಿಂಗ್ ರೂಮಿಗೆ ಕರೆದೊಯ್ದೆ. ಹುಡುಗಿಯರೆಲ್ಲ ಹಸಿರಿನ ಕೆಳಗೆ ಕೂತಿದ್ದರು. ನಕ್ಷೆ ಗೋಡೆಯ ಮೇಲಿತ್ತು. ಯಾರೋ ಅವನ ಕೈಗೆ ಚಹಾ ಕೊಟ್ಟರು.

"ಅಮ್ಮಾರ, ನಮ್ಮ ಹುಡುಗಿ ಏನ್ ಮಾಡ್ಯಾಳ್ರಿ? ಮನ್ಯಾಗ ಕೇಳಿದ್ರ ಬಾಯೇ ಬಿಡವಲ್ಲಳು."

"ಈಗ ನೋಡ್ರಿ," ಎಂದೆ.

ಹುಡುಗಿ ಬಿದಿರೆತ್ತಿ ತನ್ನ ಕುರ್ಚಿಯ ಮೇಲಿನ ಕಲ್ಲನ್ನು ತಟ್ಟಿದಳು. ನಾದ ತುಂಬಿಕೊಂಡು ಕೋಣೆಯನ್ನೆಲ್ಲ ಸುತ್ತಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಆರು. ಹೆಮ್ಮೆಯಿಂದ ಅವನ ಮುಖ ನೋಡಿದೆ.

ಅವನು ಚಹಾ ಕುಡಿಯುತ್ತಿರಲಿಲ್ಲ. ಚಹಾದ ಬಸಿಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಅವ್ವಾ," ಎಂದ ಮಗಳಿಗೆ, ತುಂಬ ಸಣ್ಣ ದನಿಯಲ್ಲಿ. "ಬಿದಿರು ಕೆಳಗಿಡು. ಎಲ್ಲಾರೂ ಎದ್ದು ಹೊರಗ ನಡೀರಿ. ಓಡಬ್ಯಾಡ್ರಿ. ಕುರ್ಚಿ ಎಳೀಬ್ಯಾಡ್ರಿ."

"ಯಾಕಪ್ಪಾ? ಅದು ನಮ್ಮ ನಂಬರ್ ಒನ್ ಕಲ್ಲು."

"ಮೊದಲು ಹೊರಗ ಬಾ, ತಾಯಿ. ಬೇಡ್ಕೋತೀನಿ."

ಇಪ್ಪತ್ತು ಹುಡುಗಿಯರು ಚರ್ಚಿನಿಂದ ಹೊರಡುವವರಂತೆ ಸದ್ದಿಲ್ಲದೆ ಹೊರಟರು. ಅಂಗಳದ ಬೇವಿನ ಮರದ ಕೆಳಗೆ ಅವನು ಹುಡುಗಿಯರ ತಲೆ ಎಣಿಸಿ, ಆಮೇಲೆ ನನ್ನ ಕಡೆ ತಿರುಗಿದ.

"ಅಂಗಳದಾಗ ಬಿಡಿ ಬಿದ್ದ ಫರ್ಸಿ ಹಾಡಬೇಕ್ರಿ, ಅಮ್ಮಾರ. ಅದು ಖರೆ," ಎಂದ. "ಮಾಳಗ್ಯಾಗ ಕೂಡ್ಸಿದ ಮ್ಯಾಲ ಅದು ಯಾಕ ಹಾಡ್ತದ? ಮ್ಯಾಲಿಂದ ಮಣ್ಣು ಒತ್ತಿರ್ತದ, ಬದೀಗಿ ಗಚ್ಚು ಹಿಡ್ದಿರ್ತದ. ಬಡಿದ್ರ ದಬ್ ಅನ್ಬೇಕು. ಈ ಕಲ್ಲಿಗಿ ಮ್ಯಾಲ ಮಣ್ಣಿಲ್ಲ, ಬದೀಗಿ ಗಚ್ಚಿಲ್ಲ. ಎಲ್ಲಾ ಉದುರ್ಯಾದ. ಸುಮ್ನ ತೊಲಿ ಅಂಚಿನ ಮ್ಯಾಲ ನಿಂತದ. ಬಿಡಿ ಕಲ್ಲಾಗ್ಯಾದ್ರಿ ಅದು, ಅದಕ್ಕ ಹಾಡ್ಲಿಕತ್ತದ."

ದಿನಾ ಒರೆಸುತ್ತಿದ್ದ ಕೆಂಪು ಗೆರೆ ನನ್ನ ಕಣ್ಣ ಮುಂದೆ ಬಂತು. ನಮ್ಮ ಕಿವಿಗಳು ತಪ್ಪು ಕೇಳಿರಲಿಲ್ಲ. ನಲವತ್ತೆರಡರಲ್ಲಿ ಒಂದು ಸ್ವರವೂ ತಪ್ಪಿರಲಿಲ್ಲ. ಸರಿಯಾಗಿ ಕೇಳಿ ಕೇಳಿಯೇ, ಭದ್ರವಾಗಿದ್ದ ಕಲ್ಲುಗಳ ಕೆಳಗಿನಿಂದ ಮಕ್ಕಳನ್ನು ಎಬ್ಬಿಸಿ, ಕಳಚಿ ನಿಂತ ಕಲ್ಲುಗಳ ಕೆಳಗೆ ಕೂರಿಸಿದ್ದೆವು.

"ಹುಚ್ಚಿ," ಎಂದ ಅಪ್ಪ ಮಗಳ ತಲೆ ಸವರಿ. "ನನಗ ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ಲ?"

ಅವಳು ನನ್ನ ಕಡೆ ಒಮ್ಮೆ ನೋಡಿ, ನನ್ನನ್ನು ಉಳಿಸುವುದಕ್ಕೆಂಬಂತೆ ತಟ್ಟನೆ ಬೇರೆ ಕಡೆ ತಿರುಗಿದಳು. ಮರುಕ್ಷಣವೇ ಮತ್ತೆ ನನ್ನ ಕಡೆ ತಿರುಗಿದಳು. "ಮೇಡಂ," ಎಂದಳು, "ಮೆಸೇಜ್."

ಎಲ್ಲರೂ ಫೋನು ತೆಗೆದರು. ನಾನು ತಂಗಿಗೆ ಮಾಡಿದೆ. ಸ್ವಿಚ್ ಆಫ್. ಮಧ್ಯಾಹ್ನ ಊಟ ಮಾಡಿ ಮಲಗುವ ಮುಂಚೆ ಫೋನು ಬಂದ್ ಮಾಡುವುದು ಅವಳ ಹಳೆಯ ರೂಢಿ. ಗೇಟಿನ ಬಳಿ ನಿಂತಿದ್ದ ಆಟೋ ಹತ್ತಿದೆ. ಹುಡುಗಿಯ ಅಪ್ಪ ಬರಿಗಾಲಲ್ಲೇ ಓಡಿಬಂದು ಪಕ್ಕದಲ್ಲಿ ಕೂತ. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ವಾಡಿಯ ಕಡೆಗೇ ಹೋಗುತ್ತಿತ್ತು. ಅದು ನಮಗಿಂತ ಮೊದಲು ನಮ್ಮ ಮನೆಯ ಹಿಂದೆ ಹಾಯುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಮೂವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸಲಿಲ್ಲ.

ತಂಗಿ ಬಾಯಿ ತೆರೆದು ಮಲಗಿದ್ದಳು. ಕೆನ್ನೆಯ ಮೇಲೆ ಕೆಂಪು ಪುಡಿ ಸಣ್ಣಗೆ ಬಿದ್ದಿತ್ತು. ಎಬ್ಬಿಸಿ ಪಡಸಾಲೆಗೆ ಎಳೆದು ತಂದೆ.

"ಕಾಲೇಜಿನಾಗ ಇವತ್ತೇನ್ ಹೊಸದು ಕಲ್ಸಿದ್ರಕ್ಕಾ?" ಎಂದಳು ಕಣ್ಣುಜ್ಜುತ್ತ.

ಮರುದಿನ ಹುಡುಗಿಯ ಅಪ್ಪ ಇಬ್ಬರನ್ನು ಕರೆತಂದು ನಮ್ಮ ಮನೆಯ ಆ ಫರ್ಸಿ ಇಳಿಸಿದ. ಮಣ್ಣು ಕೆದರುವುದೂ ಬೇಕಾಗಲಿಲ್ಲ. ಹೆಗ್ಗಣಗಳು ಎಂದೋ ಖಾಲಿ ಮಾಡಿದ್ದವು. ತೊಲೆಯ ಮೇಲೆ ಕಲ್ಲು ಎಷ್ಟು ಕೂತಿತ್ತು ಎಂದು ಅವನು ಬೆರಳಿಟ್ಟು ತೋರಿಸಿದ. ಒಂದು ಬೆರಳಿನ ಅಗಲ, ಅದೂ ಕಿರುಬೆರಳು.

ಮಕ್ಕಳ ಮನೆಗಳಿಂದ ಉತ್ತರ ಬರತೊಡಗಿತು. ಚಿತ್ತಾಪುರದಲ್ಲಿ ಮಂಚ ಸರಿಸಿದರು. ಸೇಡಂನಲ್ಲಿ ಎರಡು ಮನೆಯವರು ಸರಿಸಿದರು. ಚಿಂಚೋಳಿಯ ಹುಡುಗಿ ತನ್ನ ಅಜ್ಜಿಯನ್ನು ಮೂಲೆಯ ಹಾಡುವ ಕಲ್ಲಿನ ಕೆಳಗೆ ಮಲಗಿಸಿ ಬಂದಿದ್ದಳು; ಆ ಅಜ್ಜಿಯಂತೂ ಫೋನಿನಲ್ಲೇ ನಕ್ಕಳಂತೆ: "ಮೂಲ್ಯಾಗ ಯಾರ ಮಾರಿ ಕಾಣ್ತದ? ನೀ ಬಸ್ ಹತ್ತಿದ ದಿನಾನೇ ನಾ ಬಾಗಿಲ ಬಾಜೂಕ ಬಂದು ಮಲಗೀನಿ." ಹೇಳಿದ ಮಾತು ಕೇಳದ ಆ ಮುದುಕಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ರೀಡಿಂಗ್ ರೂಮಿಗೆ ಬೀಗ ಬಿತ್ತು. ಹುಡುಗಿಯರಿಗಾಗಿ ಪ್ರಿನ್ಸಿಪಾಲರು ತಮ್ಮ ಆಫೀಸಿನ ಅರ್ಧ ಬಿಟ್ಟುಕೊಟ್ಟರು. ಅಷ್ಟಕ್ಕೆ ಮುಗಿಯಿತು ಎಂದುಕೊಳ್ಳುತ್ತಿರುವಾಗ ಭಂಕೂರಿನ ಹುಡುಗಿಯ ಫೋನಿಗೆ ಗುರುತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ಫರ್ಸಿಯ ಮಾಳಿಗೆ, ತೊಲೆಗೆ ಕಟ್ಟಿದ ಸೀರೆಯ ಜೋಳಿಗೆ, ಅದರ ಅಂಚಿನಿಂದ ಹೊರಬಂದ ಪುಟ್ಟ ಕಾಲು. ಕೆಳಗೆ ಬರೆದಿತ್ತು: 'ಭಾಳ ಉಪಕಾರ ಆಯ್ತು. ಹಾಡೋ ಕಲ್ಲಿನ ಕೆಳಗೇ ಕಟ್ಟೀವಿ.'

ಕೂಡಲೇ ಫೋನು ಮಾಡಿದೆವು, ಹತ್ತಲಿಲ್ಲ. ಬರೆದು ಕಳಿಸಿದ್ದಕ್ಕೆ ಒಂದೇ ಟಿಕ್ ಬಿತ್ತು, ಎರಡನೆಯದು ಬೀಳಲೇ ಇಲ್ಲ. ತೊಗರಿ ಕೊಯ್ದು ರಾಶಿ ಮಾಡುವ ಕಾಲ. ಜನ ಹೊಲದಲ್ಲಿ, ಫೋನು ಎಲ್ಲೋ ಚಾರ್ಜಿಲ್ಲದೆ. ಮೆಸೇಜು ಯಾರಿಂದ ಯಾರಿಗೆ ಹೋಯಿತೆಂದು ಕೇಳುತ್ತ ಹೋದೆವು. ಸೇಡಂವರೆಗೆ ಜಾಡು ಸಿಕ್ಕಿತು, ಆಮೇಲೆ ಇಲ್ಲ.

ಹುಡುಗಿ ಆ ಶುಕ್ರವಾರದ ಹೊಸ ಪುಟದಲ್ಲಿ ಹೊಸ ಪ್ರಶ್ನೆ ಬರೆದಳು: ಈ ಮನೆ ಎಲ್ಲಿದೆ? ಈ ಸಲ ಬಾಯಿ ತೆರೆದವಳು ನಾನೇ. "ಅಪ್ಪನ್ನ ಕೇಳು," ಎಂದೆ.

ಖಣಿಯ ಅಂಗಳದಲ್ಲಿ ನಿಂತೇ ಅವನು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಜೋಳಿಗೆಯನ್ನಲ್ಲ, ಕಲ್ಲನ್ನು. "ಇದು ನಮ್ಮ ಕಡೀದಲ್ಲ. ಹಸರು ಹೊಡೀತದ. ಸೇಡಂ ಕಡೆ ಖಣಿದು." ಕಿಟಕಿಯ ಆಚೆ ಮಬ್ಬಾಗಿ ಕಾಣುತ್ತಿದ್ದುದನ್ನು ಮಗಳು ತೋರಿಸಿದಳು. "ಸಿಮೆಂಟ್ ಫ್ಯಾಕ್ಟರಿ ಚಿಮಣಿ ಅಲ್ಲೇನಪ್ಪಾ? ಬಿಸಿಲು ಈ ಕಡಿಂದ ಬಿದ್ದದ, ಅಂದ್ರ ಕೋಡ್ಲಾ ಊರಿನ ಆಚೀ ಕಡಿ ಇರ್ಬೇಕು." ಮೂವರೂ ಆ ಕೂಡಲೇ ಹೊರಟೆವು. ಒಂದು ಊರಿನಲ್ಲಿ ಚಿಮಣಿ ಎಡಕ್ಕೆ ಬಂತು, ಇನ್ನೊಂದರಲ್ಲಿ ಕಾಣಲೇ ಇಲ್ಲ. ಮೂರನೆಯ ಊರಿನಲ್ಲಿ ಓಣಿ ಓಣಿ ಹೊಕ್ಕು ಫೋಟೋ ತೋರಿಸಿದೆವು. ಹೆಚ್ಚಿನ ಬಾಗಿಲುಗಳಿಗೆ ಬೀಗ, ಎಲ್ಲರೂ ರಾಶಿಗೆ ಹೋಗಿದ್ದರು. ದೂರದಲ್ಲೆಲ್ಲೋ ಖಣಿಯಲ್ಲಿ ಮಧ್ಯಾಹ್ನ ಮದ್ದಿಟ್ಟು ಬಂಡೆ ಸಿಡಿಸುವ ಮುಂಚಿನ ಸೈರನ್ ಕೂಗತೊಡಗಿತು; ಅದು ನಿಂತೊಡನೆ ನೆಲ ಅದುರುತ್ತದೆ. ಹುಡುಗಿಯ ಅಪ್ಪ ನಡೆಯುವುದನ್ನು ಬಿಟ್ಟು ಓಡತೊಡಗಿದ.

ಓಣಿಯ ಕೊನೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅದೇ ಕಿಟಕಿ, ಅದೇ ಹೂವಿನ ಸೀರೆಯ ಜೋಳಿಗೆ. ಎಳೆಯ ತಾಯಿ ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡಳು. ನಾನು ಏದುಸಿರಿನಲ್ಲಿ "ಕಲ್ಲು... ಕಾಲೇಜು..." ಎಂದಷ್ಟೇ ಹೇಳಿದೆ.

ಅವಳ ಮುಖ ಅರಳಿತು. "ಅಯ್ಯ, ನೀವೇ ಏನ್ರಿ ಆ ಮೆಸೇಜ್ ಕಳ್ಸಿದವ್ರು? ಬರ್ರಿ, ಕುಂದ್ರಿ. ಎಷ್ಟು ಚಂದ ಹಾಡ್ತದ ಅಂತೀರಿ, ಈಗ ಕೇಳಸ್ತೀನಿ ತಡೀರಿ," ಎನ್ನುತ್ತ ಮೂಲೆಯಲ್ಲಿದ್ದ ಒನಕೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದಳು.

ಸೈರನ್ ನಿಂತಿತು.

ಭಂಕೂರಿನ ಹುಡುಗಿ ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಆ ಕಲ್ಲಿನ ಕೆಳಗೆ ನಡೆದುಹೋದಳು. ಜೋಳಿಗೆಯೊಳಗೆ ಎರಡೂ ಕೈ ಹಾಕಿ, ನಿದ್ದೆಯಲ್ಲಿದ್ದ ಕೂಸನ್ನು ಎದೆಗೆ ಎತ್ತಿಕೊಂಡಳು. ಅವಳಪ್ಪ ಒನಕೆಯನ್ನು ಅರ್ಧದಲ್ಲೇ ಹಿಡಿದ. ಅವಳು ಕೂಸಿನ ತಲೆಯ ಮೇಲೆ ತನ್ನ ಅಂಗೈ ಮುಚ್ಚಿಕೊಂಡು ಹೊರಗೆ ಬರತೊಡಗಿದಳು. ಜೋಳಿಗೆಯಿಂದ ಹೊಸ್ತಿಲಿಗೆ ಐದು ಹೆಜ್ಜೆ. ನಾನು ಅಂಗಳದಲ್ಲಿ ನಿಂತು ಎಣಿಸಿದೆ. ನಾಲ್ಕನೆಯದಕ್ಕೆ ನೆಲ ಸಣ್ಣಗೆ ಅದುರಿತು, ಅವಳ ಹಿಂದೆ, ಖಾಲಿ ಜೋಳಿಗೆಯ ಮೇಲೆ, ಯಾರೂ ತಟ್ಟದ ಕಲ್ಲು ಹಾಡಿತು. ಅವಳು ಐದನೆಯ ಹೆಜ್ಜೆ ಇಟ್ಟಳು.